ಕೀನ್ಯಾದ ಹಳ್ಳಿಯಲ್ಲಿ ಮನೆ ಕಟ್ಟುವಾಗ ನೆರೆಯವರೊಂದಿಗೆ ಗಡಿ ತಕರಾರು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು, ಭಾರತದ ಪ್ರಜೆ. ಹನ್ನೊಂದು ವರ್ಷಗಳಿಂದ ನೈರೋಬಿಯಲ್ಲಿ ಉದ್ಯೋಗದಲ್ಲಿದ್ದೇನೆ. ಮಚಾಕೋಸ್ ಕೌಂಟಿಯ ಒಂದು ಹಳ್ಳಿಯಲ್ಲಿ, ಇಳಿಜಾರಿನಲ್ಲಿರುವ ಅರ್ಧ ಎಕರೆ ಜಾಗವನ್ನು 33 ವರ್ಷಗಳ ಗುತ್ತಿಗೆಗೆ ಪಡೆದು ಸಣ್ಣ ಮನೆ ಕಟ್ಟಿಸುತ್ತಿದ್ದೇನೆ. ಕಾಂಪೌಂಡಿಗೆ ಪಾಯ ತೋಡಿ ಹದಿನೈದು ಮೀಟರಿನಷ್ಟು ಕಾಂಕ್ರೀಟ್ ಹಾಕಿದ ಮೇಲೆ ಪಕ್ಕದ ಜಮೀನಿನ ವಯಸ್ಸಾದ ಹೆಂಗಸು ಬಂದು, ಗೋಡೆ ತಮ್ಮ ಜಾಗದೊಳಗೆ ಎರಡು ಮೀಟರ್ ಬಂದಿದೆ, ನಿಜವಾದ ಗಡಿ ಕತ್ತಾಳೆ ಸಾಲು ಎಂದು ತಡೆದರು. ಮರುದಿನ ಬೆಳಿಗ್ಗೆ ನಾವು ಹೊಡೆದಿದ್ದ ಗೂಟಗಳಾಗಲಿ ದಾರವಾಗಲಿ ಅಲ್ಲಿರಲಿಲ್ಲ. ಅವರ ಮನೆಯವರು ನೀರಿಗೆ ಹೋಗುವ ಕಾಲುದಾರಿಯೂ ನನ್ನ ಜಾಗದ ಮೂಲೆಯಲ್ಲೇ ಹಾದುಹೋಗುತ್ತದೆ. ಮೊಬೈಲಿನ ಜಿಪಿಎಸ್‌ನಲ್ಲಿ ಅಳೆದರೆ ನನ್ನ ಲೆಕ್ಕವೇ ಸರಿ. ಟೈಟಲ್ ಡೀಡಿನಲ್ಲೂ 0.20 ಹೆಕ್ಟೇರ್ ಎಂದಿದೆ. ಜಾಗದ ಮಾಲೀಕರು ‘ತಲೆ ಕೆಡಿಸಿಕೊಳ್ಳಬೇಡಿ, ಕಟ್ಟಿ’ ಎನ್ನುತ್ತಾರೆ. ಶನಿವಾರ, ಭಾನುವಾರಗಳಲ್ಲಿ ಗೋಡೆ ಎಬ್ಬಿಸಿಬಿಡೋಣ ಎಂದು ಮೇಸ್ತ್ರಿ ಹೇಳುತ್ತಾನೆ. ಪೊಲೀಸರಿಗೆ ದೂರು ಕೊಡಲೇ, ಅಥವಾ ನೇರವಾಗಿ ನ್ಯಾಯಾಲಯಕ್ಕೆ ಹೋಗಲೇ?

ಉತ್ತರ: ಮೊದಲು ಆ ಮಗ್ಗುಲಿನ ಕೆಲಸವನ್ನು ಇಂದೇ ನಿಲ್ಲಿಸಿ. ಮನೆಯ ಉಳಿದ ಕೆಲಸ ನಡೆಯಲಿ, ಆದರೆ ತಕರಾರಿನ ಸಾಲಿನಲ್ಲಿ ಇನ್ನೊಂದು ಬಾಣಲಿ ಕಾಂಕ್ರೀಟ್ ಕೂಡ ಬೀಳಬಾರದು. ನೀವು ತಪ್ಪು ಮಾಡಿದ್ದೀರಿ ಎಂದು ನಾನು ತೀರ್ಮಾನಿಸಿ ಈ ಮಾತು ಹೇಳುತ್ತಿಲ್ಲ. ತಕರಾರು ಎದ್ದ ಮೇಲೆ ವಾರಾಂತ್ಯದಲ್ಲಿ ಅವಸರವಾಗಿ ಎದ್ದ ಗೋಡೆಯನ್ನು ಮುಂದೆ ಯಾವ ಹಿರಿಯರಾಗಲಿ, ಅಧಿಕಾರಿಯಾಗಲಿ, ನ್ಯಾಯಾಧೀಶರಾಗಲಿ ನಿಮ್ಮ ಒಳ್ಳೆಯ ನಂಬಿಕೆಯ ಸಾಕ್ಷಿ ಎಂದು ನೋಡುವುದಿಲ್ಲ, ಮತ್ತು ಗೋಡೆ ತೆಗೆಯಲು ಆದೇಶವಾದರೆ ಆ ಖರ್ಚು ಮೇಸ್ತ್ರಿಯದೂ ಅಲ್ಲ, ಮಾಲೀಕರದೂ ಅಲ್ಲ.

ನಾನು ಭೂಮಾಪನದ ಕೆಲಸವನ್ನು ಕರ್ನಾಟಕದಲ್ಲಿ ಕಲಿತು, ಆಮೇಲೆ ಪೂರ್ವ ಆಫ್ರಿಕಾದ ಹಳ್ಳಿಗಳಲ್ಲಿ ಹಲವು ವರ್ಷ ಅದೇ ಕೆಲಸ ಮಾಡಿದವನು. ನಮ್ಮವರು ಅಲ್ಲಿ ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ನಮ್ಮಲ್ಲಿ ಗಡಿ ಅನುಮಾನ ಬಂದರೆ ಹದ್ದುಬಸ್ತಿಗೆ ಅರ್ಜಿ ಹಾಕುತ್ತೇವೆ, ಭೂಮಾಪಕರು ಟಿಪ್ಪಣಿ ಹಿಡಿದು ಬಂದು ಸರಪಳಿ ಎಳೆದು ಬಾಂದು ಕಲ್ಲು ಎಲ್ಲಿರಬೇಕೆಂದು ತೋರಿಸುತ್ತಾರೆ. ಗಡಿ ಕಾಗದದಲ್ಲಿದೆ, ಅದನ್ನು ನೆಲಕ್ಕೆ ಇಳಿಸಿದರೆ ಸಾಕು ಎಂಬ ನಂಬಿಕೆ ನಮ್ಮ ರಕ್ತದಲ್ಲೇ ಇದೆ. ಕೀನ್ಯಾದ ಹಳ್ಳಿಗಾಡಿನ ಬಹುಪಾಲು ಜಮೀನಿನಲ್ಲಿ ಸಂಗತಿ ಇದಕ್ಕೆ ತಿರುಗುಮುರುಗು: ಅಲ್ಲಿ ಗಡಿ ಮೊದಲು ನೆಲದ ಮೇಲೆ ಹುಟ್ಟಿತು, ಕಾಗದ ಅದನ್ನು ಅಂದಾಜಿಗೆ ನಕಲು ಮಾಡಿಕೊಂಡಿತು.

ಇದಕ್ಕೆ ಚರಿತ್ರೆಯಿದೆ. 1954ರ ಸ್ವಿನ್ನರ್ಟನ್ ಯೋಜನೆಯ ಕಾಲದಿಂದ ಆಫ್ರಿಕನ್ ರೈತರ ಜಮೀನುಗಳಿಗೆ ವೈಯಕ್ತಿಕ ಹಕ್ಕುಪತ್ರ ಕೊಡುವ ಕೆಲಸ ಆರಂಭವಾಯಿತು. 1963ರ ನೋಂದಾಯಿತ ಭೂಮಿ ಕಾಯ್ದೆ ಮತ್ತು 1968ರ ಭೂ ನಿರ್ಣಯ ಕಾಯ್ದೆ ಅದನ್ನು ಮುಂದುವರಿಸಿದವು. ಲಕ್ಷಾಂತರ ತುಂಡುಗಳನ್ನು ಒಂದೊಂದಾಗಿ ಅಳೆಯುವಷ್ಟು ಭೂಮಾಪಕರೂ ಇರಲಿಲ್ಲ, ಹಣವೂ ಇರಲಿಲ್ಲ. ಆದ್ದರಿಂದ ರೈತರೇ ಗಡಿಯುದ್ದಕ್ಕೂ ಬೇಲಿ ಗಿಡ ನೆಡಬೇಕು, ಅದು ಬೆಳೆದ ಮೇಲೆ ವಿಮಾನದಿಂದ ಚಿತ್ರ ತೆಗೆದು, ಚಿತ್ರವನ್ನು ಹಿಗ್ಗಿಸಿ ನಕ್ಷೆ ಎಳೆಯಬೇಕು ಎಂಬ ದಾರಿ ಹಿಡಿದರು. ನೆಲದ ಏರಿಳಿತದಿಂದ ಚಿತ್ರದಲ್ಲಿ ಬರುವ ವಕ್ರತೆಯನ್ನು ಬಹಳ ಕಡೆ ಸರಿಪಡಿಸಲೇ ಇಲ್ಲ. ನಿಮ್ಮ ಟೈಟಲ್ ಡೀಡನ್ನು ಇನ್ನೊಮ್ಮೆ ತೆಗೆದು ಓದಿ, 0.20 ಹೆಕ್ಟೇರ್ ಎಂಬ ಅಂಕಿಯ ಪಕ್ಕದಲ್ಲಿ ‘ಅಂದಾಜು ವಿಸ್ತೀರ್ಣ’ ಎಂಬ ಅರ್ಥದ ಮಾತು ಇದ್ದೇ ಇರುತ್ತದೆ. ಅದು ಔಪಚಾರಿಕ ಮಾತಲ್ಲ. 2012ರ ಭೂ ನೋಂದಣಿ ಕಾಯ್ದೆಯ 18ನೇ ಕಲಂ ಪ್ರಕಾರ, ಗಡಿಯನ್ನು ನಿಗದಿಪಡಿಸಲಾಗಿದೆ ಎಂದು ರಿಜಿಸ್ಟರಿನಲ್ಲಿ ಬರೆದಿಲ್ಲದಿದ್ದರೆ ನಕ್ಷೆ ತೋರಿಸುವುದು ಅಂದಾಜು ಗಡಿಯನ್ನು ಮಾತ್ರ.

ಈ ಅಂದಾಜು ಎಷ್ಟರದು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಇಂಥ ನಕ್ಷೆಗಳು ಸಾಮಾನ್ಯವಾಗಿ 1:2,500 ಅಥವಾ 1:5,000 ಪ್ರಮಾಣದಲ್ಲಿರುತ್ತವೆ. 1:2,500ರಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ ಎರಡೂವರೆ ಮೀಟರ್. ಅಂದರೆ ನಿಮ್ಮಿಬ್ಬರ ಇಡೀ ಜಗಳ ನಕ್ಷೆಯ ಮೇಲೆ ಒಂದು ಮಿಲಿಮೀಟರೂ ಇಲ್ಲ. 1:5,000ರ ನಕ್ಷೆಯಾದರೆ ಹೆಚ್ಚುಕಡಿಮೆ ಶಾಯಿಗೆರೆಯ ದಪ್ಪದೊಳಗೇ ಅಡಗಿಹೋಗುತ್ತದೆ. ಇನ್ನು ಮೊಬೈಲಿನ ಜಿಪಿಎಸ್, ಬಯಲಿನಲ್ಲಿ ನಿಂತರೂ, ನಾಲ್ಕೈದು ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ. ಅದರಿಂದ ಎರಡು ಮೀಟರಿನ ತಕರಾರನ್ನು ತೀರ್ಮಾನಿಸಲಾಗದು. ಪರವಾನಗಿ ಪಡೆದ ಭೂಮಾಪಕರ ಉಪಕರಣ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತದೆ ನಿಜ, ಆದರೆ ಅಂದಾಜಿನ ನಕ್ಷೆಯಿಂದ ಎತ್ತಿಕೊಂಡ ಬಿಂದುವನ್ನು ಸೆಂಟಿಮೀಟರ್ ನಿಖರತೆಯಲ್ಲಿ ನೆಲಕ್ಕೆ ಇಳಿಸಿದ ಮಾತ್ರಕ್ಕೆ ಆ ಬಿಂದು ನಿಖರವಾಗುವುದಿಲ್ಲ.

ನಿಮ್ಮ ಜಾಗ ಇಳಿಜಾರಿನಲ್ಲಿದೆ ಎಂದಿದ್ದೀರಿ. ಹಕ್ಕುಪತ್ರದ ಅಳತೆ ಸಮತಲದ ಅಳತೆ. ಐದಕ್ಕೆ ಒಂದರಂತೆ ಇಳಿಯುವ ನೆಲದ ಮೇಲೆ ಟೇಪನ್ನು ನೆಲಕ್ಕೆ ಅಂಟಿಸಿ ಐವತ್ತು ಮೀಟರ್ ಎಳೆದರೆ ಸಮತಲದಲ್ಲಿ ಅದು ಸುಮಾರು ನಲವತ್ತೊಂಬತ್ತು ಮೀಟರ್ ಮಾತ್ರ. ನಿಮ್ಮ ಮೇಸ್ತ್ರಿ ಟೇಪನ್ನು ಹೇಗೆ ಹಿಡಿದ, ಯಾವ ಮೂಲೆಯಿಂದ ಹಿಡಿದ ಎಂದು ಕೇಳಿ. ಅರ್ಧ ಜಗಳ ಅಲ್ಲೇ ಸಿಗಬಹುದು.

ಹಾಗೆಂದು ನಿಮ್ಮ ನೆರೆಯವರು ಹೇಳುವ ಕತ್ತಾಳೆ ಸಾಲೇ ಗಡಿ ಎಂದು ನಾನು ಒಪ್ಪಿಬಿಡುತ್ತಿಲ್ಲ. ಮಚಾಕೋಸ್ ಸೀಮೆಯ ಇಳಿಜಾರುಗಳಲ್ಲಿ ‘ಫಾನ್ಯಾ ಜೂ’ ಎಂಬ ಮೆಟ್ಟಿಲು ಹೊಲಗಳಿವೆ: ಅಡ್ಡಕ್ಕೆ ಕಾಲುವೆ ತೋಡಿ ಮಣ್ಣನ್ನು ಮೇಲ್ಬದಿಗೆ ಎಸೆದು ಬದು ಹಾಕುತ್ತಾರೆ, ಬದು ಕೊಚ್ಚಿಹೋಗದಂತೆ ಹುಲ್ಲು, ಕತ್ತಾಳೆಯಂಥವನ್ನು ನೆಡುತ್ತಾರೆ. ಗಡಿಗೂ ಕತ್ತಾಳೆಯನ್ನೇ ನೆಡುತ್ತಾರೆ. ಆದ್ದರಿಂದ ಆ ಸಾಲು ಬದುವಿನ ಕತ್ತಾಳೆಯೋ ಗಡಿಯ ಕತ್ತಾಳೆಯೋ ಎಂದು ನೋಡಬೇಕು. ಬದುವಿನದಾದರೆ ಅದು ಇಳಿಜಾರಿಗೆ ಅಡ್ಡವಾಗಿ, ನೆಲದ ಬಾಗನ್ನು ಅನುಸರಿಸಿ ಸಾಗುತ್ತದೆ, ಮೇಲ್ಬದಿಗೂ ಕೆಳಬದಿಗೂ ನೆಲದ ಮಟ್ಟ ಬೇರೆ ಇರುತ್ತದೆ. ಗಡಿಯದಾದರೆ ಮೂಲೆಯಿಂದ ಮೂಲೆಗೆ ನೇರವಾಗಿ, ಏರು ಇಳಿತ ಲೆಕ್ಕಿಸದೆ ಹೋಗುತ್ತದೆ, ಮತ್ತು ಆಚೆಯ ಜಮೀನುಗಳಲ್ಲೂ ಅದೇ ನೇರದಲ್ಲಿ ಮುಂದುವರಿದಿರುತ್ತದೆ. ನಿಮ್ಮ ಜಾಗವನ್ನು ಬಿಟ್ಟು ಮೇಲಕ್ಕೂ ಕೆಳಕ್ಕೂ ಇನ್ನೂರು ಮೀಟರ್ ನಡೆದು ನೋಡಿ.

ನ್ಯೇರಿ ಕೌಂಟಿಯಲ್ಲಿ ನಾನು ಕಂಡ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. ಕಿಕುಯು ಜನ ಗಡಿಗೆ ‘ಇಟೋಕಾ’ ಎಂಬ ಲಿಲ್ಲಿ ಜಾತಿಯ ಗಿಡ ನೆಡುತ್ತಿದ್ದರು, ಅದರ ಗೆಡ್ಡೆ ದೊಡ್ಡ ಈರುಳ್ಳಿಯಂತೆ ಆಳದಲ್ಲಿ ಕೂತಿರುತ್ತದೆ. ಅಣ್ಣತಮ್ಮಂದಿರ ಮಕ್ಕಳಿಬ್ಬರು ಗಡಿಗಾಗಿ ಮಾತು ಬಿಟ್ಟಿದ್ದರು, ದನ ಮೇದು ನೆಲದ ಮೇಲೆ ಒಂದು ಎಲೆಯೂ ಉಳಿದಿರಲಿಲ್ಲ. ಊರಿನ ಹಿರಿಯರೊಬ್ಬರು ಕೋಲೂರಿ ಬಂದು ನಿಂತು, ಹೆಜ್ಜೆ ಎಣಿಸಿ, ಇಲ್ಲಿ ಅಗೆಯಿರಿ ಎಂದರು. ಮೊಣಕೈ ಆಳ ಅಗೆದಾಗ ಕಂದು ಸಿಪ್ಪೆಯ ಒಂದು ಗೆಡ್ಡೆ ಸಿಕ್ಕಿತು. ಅಲ್ಲಿಂದ ಎರಡು ಹೆಜ್ಜೆಗೆ ಇನ್ನೊಂದು, ಮತ್ತೆ ಇನ್ನೊಂದು. ಐದನೆಯದು ಸಿಗುವಷ್ಟರಲ್ಲಿ ಇಬ್ಬರೂ ಸುಮ್ಮನಾಗಿದ್ದರು. ನನ್ನ ಚೀಲದಲ್ಲಿದ್ದ ಉಪಕರಣವನ್ನು ಆ ದಿನ ಹೊರಗೆ ತೆಗೆಯಬೇಕಾಗಿಯೇ ಬರಲಿಲ್ಲ. ನಿಮ್ಮ ಹಳ್ಳಿಯಲ್ಲೂ ಇಂಥ ನೆನಪು ಹೊತ್ತವರು ಇರುತ್ತಾರೆ, ಅವರನ್ನು ಹುಡುಕುವ ಮುನ್ನ ವಕೀಲರನ್ನು ಹುಡುಕಬೇಡಿ.

ಇನ್ನೊಂದು ಮಾತನ್ನು ನಿಮಗೆ ಇಷ್ಟವಾಗದಿದ್ದರೂ ಹೇಳಬೇಕು. ನಕ್ಷೆ ನಿಮ್ಮ ಪರವಾಗಿದ್ದರೂ ಆಕೆ ಗೆಲ್ಲುವ ಸಾಧ್ಯತೆ ಇದೆ. ಕೀನ್ಯಾದ ಕಾಲಮಿತಿ ಕಾಯ್ದೆಯಲ್ಲಿ ಭೂಮಿಯನ್ನು ಮರಳಿ ಪಡೆಯಲು ಇರುವ ಗಡುವು 12 ವರ್ಷ. ಆ ಎರಡು ಮೀಟರ್ ಪಟ್ಟಿಯನ್ನು ಆಕೆ 12 ವರ್ಷಕ್ಕೂ ಹೆಚ್ಚು ಕಾಲ ಬಹಿರಂಗವಾಗಿ, ಯಾರ ಅನುಮತಿಯನ್ನೂ ಪಡೆಯದೆ, ಎಡೆಬಿಡದೆ ಉಳುತ್ತ ಬಂದಿದ್ದರೆ, ಅದು ತಮ್ಮದಾಗಿದೆ ಎಂದು ಘೋಷಿಸುವಂತೆ ನ್ಯಾಯಾಲಯವನ್ನು ಕೇಳಬಹುದು. ನೀರಿನ ಕಾಲುದಾರಿಯನ್ನು ಇಪ್ಪತ್ತು ವರ್ಷ ನಿರಾತಂಕವಾಗಿ, ಹಕ್ಕಿನಿಂದ ಬಳಸಿದ್ದರೆ ನಡೆದಾಡುವ ಹಕ್ಕು ಕೂಡ ಹಾಗೆಯೇ ಹುಟ್ಟುತ್ತದೆ, ರಿಜಿಸ್ಟರಿನಲ್ಲಿ ಬರೆಯದಿದ್ದರೂ ಅದು ಜಾಗಕ್ಕೆ ಅಂಟಿಕೊಂಡಿರುತ್ತದೆ. ಗೋಡೆ ಕಟ್ಟಿ ಆ ದಾರಿ ಮುಚ್ಚಿದರೆ ನೀವು ಒಬ್ಬರ ಜೊತೆಗಲ್ಲ, ಅಲ್ಲಿ ಕೊಡ ಹೊತ್ತು ಓಡಾಡುವ ಎಲ್ಲರ ಜೊತೆಗೂ ಜಗಳಕ್ಕೆ ಇಳಿದಂತೆ. ಪಟ್ಟಿಯೊಳಗೆ ಅಥವಾ ಅದರ ಹತ್ತಿರ ಅವರ ಮನೆತನದ ಸಮಾಧಿ ಇದೆಯೇ ಎಂದೂ ಕೇಳಿ ತಿಳಿದುಕೊಳ್ಳಿ. ಅಲ್ಲಿನ ಹಳ್ಳಿಗಳಲ್ಲಿ ಸತ್ತವರನ್ನು ಸ್ವಂತ ಜಮೀನಿನಲ್ಲೇ ಮಣ್ಣು ಮಾಡುವುದು ವಾಡಿಕೆ, ಹಾಗಾಗಿ ಸಮಾಧಿ ಎಂಬುದು ದುಃಖದ ಗುರುತಾಗಿರುವಂತೆ ಹಕ್ಕಿನ ಸಾಕ್ಷಿಯೂ ಆಗಿರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಆತಂಕ ತಂದಿರುವ ವಿಷಯಕ್ಕೆ ಬರುತ್ತೇನೆ. ಅದು ನಿಮ್ಮ ಗೋಡೆಯಲ್ಲ, ನಿಮ್ಮ ಗುತ್ತಿಗೆ. ಕೀನ್ಯಾದ 2010ರ ಸಂವಿಧಾನದ 65ನೇ ವಿಧಿಯಂತೆ ವಿದೇಶೀಯರು ಭೂಮಿಯನ್ನು ಗುತ್ತಿಗೆಯ ಮೇಲೆ ಮಾತ್ರ ಹೊಂದಬಹುದು, ಅದೂ 99 ವರ್ಷ ಮೀರುವಂತಿಲ್ಲ. ನಿಮ್ಮದು 33 ವರ್ಷ, ಆದ್ದರಿಂದ ಆ ಮಟ್ಟಿಗೆ ತೊಂದರೆಯಿಲ್ಲ. ಆದರೆ ಭೂ ನಿಯಂತ್ರಣ ಕಾಯ್ದೆ ಎಂಬ 1967ರ ಹಳೆಯ ಕಾನೂನು ಇನ್ನೂ ಜೀವಂತವಾಗಿದೆ. ನಿಯಂತ್ರಿತ ಪ್ರದೇಶದ ಕೃಷಿ ಭೂಮಿಯನ್ನು ಮಾರಲು ಮಾತ್ರವಲ್ಲ, ಗುತ್ತಿಗೆಗೆ ಕೊಡಲೂ ಲ್ಯಾಂಡ್ ಕಂಟ್ರೋಲ್ ಬೋರ್ಡಿನ ಒಪ್ಪಿಗೆ ಬೇಕು, ಒಪ್ಪಂದವಾದ ಆರು ತಿಂಗಳೊಳಗೆ ಅದಕ್ಕೆ ಅರ್ಜಿ ಹೋಗಬೇಕು, ಮತ್ತು ಪಡೆಯುವವರು ಕೀನ್ಯಾದ ಪ್ರಜೆಯಲ್ಲದಿದ್ದರೆ ಬೋರ್ಡು ನಿರಾಕರಿಸಲೇಬೇಕು. ರಾಷ್ಟ್ರಾಧ್ಯಕ್ಷರು ಗೆಜೆಟ್ ಮೂಲಕ ವಿನಾಯಿತಿ ಕೊಟ್ಟರೆ ಮಾತ್ರ ಬೇರೆ ಮಾತು. ಒಪ್ಪಿಗೆಯಿಲ್ಲದ ವ್ಯವಹಾರ ಅಸಿಂಧು. ಕೊಟ್ಟ ಹಣವನ್ನು ಸಾಲದಂತೆ ವಾಪಸು ಕೇಳಬಹುದೇ ಹೊರತು ಜಾಗದ ಮೇಲೆ ಹಕ್ಕು ಉಳಿಯುವುದಿಲ್ಲ. ಅಷ್ಟೇ ಅಲ್ಲ, ಅಸಿಂಧುವಾದ ವ್ಯವಹಾರವನ್ನು ನಂಬಿ ಜಾಗದಲ್ಲಿ ಕೂತಿರುವುದು ಅದೇ ಕಾಯ್ದೆಯಲ್ಲಿ ಶಿಕ್ಷಾರ್ಹ.

ಆದ್ದರಿಂದ ಮುಂದಿನ ಹೆಜ್ಜೆಗಿಂತ ಮೊದಲು ನಿಮ್ಮ ಕಡತವನ್ನು ಪರೀಕ್ಷಿಸಿ. ಆ ಜಾಗ ಕೃಷಿಯಿಂದ ವಸತಿಗೆ ಬದಲಾಗಿದೆಯೇ? ನಮ್ಮ ಭೂಪರಿವರ್ತನೆಯನ್ನೇ ಅಲ್ಲಿ ‘ಚೇಂಜ್ ಆಫ್ ಯೂಸರ್’ ಎನ್ನುತ್ತಾರೆ, 2019ರ ಭೌತಿಕ ಮತ್ತು ಭೂಬಳಕೆ ಯೋಜನಾ ಕಾಯ್ದೆಯಡಿ ಕೌಂಟಿ ಸರ್ಕಾರ ಅದನ್ನು ಕೊಡುತ್ತದೆ. ಗುತ್ತಿಗೆಗೆ ಸಹಿ ಬೀಳುವ ಮುಂಚೆಯೇ ಅದು ಆಗಿತ್ತೇ? ಗುತ್ತಿಗೆ ರಿಜಿಸ್ಟರಿನಲ್ಲಿ ನೋಂದಣಿಯಾಗಿದೆಯೇ, ಅಥವಾ ವಕೀಲರ ಕಚೇರಿಯಲ್ಲಿ ಸಹಿಯಾದ ಕಾಗದವಾಗಿಯೇ ಉಳಿದಿದೆಯೇ? ಮನೆಗೂ ಗೋಡೆಗೂ ಕೌಂಟಿಯ ಕಟ್ಟಡ ಅನುಮತಿ ಇದೆಯೇ? ಭೂ ನೋಂದಣಿ ಕಚೇರಿಯಲ್ಲಿ ಅಧಿಕೃತ ಸರ್ಚ್ ಮಾಡಿಸಿ, ಅದರ ಜೊತೆಗೆ ‘ಗ್ರೀನ್ ಕಾರ್ಡ್’ ಎಂದು ಎಲ್ಲರೂ ಕರೆಯುವ ಹಳೆಯ ರಿಜಿಸ್ಟರ್ ಪುಟದ ದೃಢೀಕೃತ ನಕಲನ್ನೂ ಕೇಳಿ. ಜಮೀನು ಯಾರಿಂದ ಯಾರಿಗೆ ಬಂತು ಎಂಬುದು ಅದರಲ್ಲಿರುತ್ತದೆ. ಹಕ್ಕುಪತ್ರ ಕೈಯಲ್ಲಿದ್ದರೆ ಸಾಲದು, ಹಕ್ಕಿನ ಮೂಲ ಕಾನೂನುಬದ್ಧವಾಗಿರಬೇಕು ಎಂದು ಕೀನ್ಯಾದ ಸುಪ್ರೀಂ ಕೋರ್ಟ್ 2023ರಲ್ಲಿ ಮೊಂಬಾಸಾದ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಗುತ್ತಿಗೆ ಕೊಟ್ಟವರ ಹೆಸರಿನಲ್ಲೇ ಖಾತೆ ಇದೆಯೇ, ತೀರಿಕೊಂಡ ತಂದೆಯ ಅಥವಾ ತಾತನ ಹೆಸರಿನಲ್ಲಿ ನಿಂತಿದೆಯೇ ಎಂಬುದನ್ನು ಬೆರಳಿಟ್ಟು ನೋಡಿ. ವಾರಸುದಾರಿಕೆಯ ಆದೇಶ ಪಡೆಯದೆ ಸತ್ತವರ ಆಸ್ತಿಯನ್ನು ವ್ಯವಹರಿಸುವುದು ಅಲ್ಲಿ ಅಪರಾಧ. ‘ತಲೆ ಕೆಡಿಸಿಕೊಳ್ಳಬೇಡಿ’ ಎಂದು ಮಾಲೀಕರು ಇಷ್ಟು ಸಲೀಸಾಗಿ ಹೇಳುತ್ತಿರುವುದೇ ನನಗೆ ಈ ಅನುಮಾನ ಹುಟ್ಟಿಸಿದ್ದು.

ಈ ಕಾಗದಗಳಲ್ಲಿ ತೂತು ಕಂಡರೆ ಗಡಿಯ ಮಾತನ್ನು ಸದ್ಯಕ್ಕೆ ಬದಿಗಿಟ್ಟು ಮೊದಲು ಅದನ್ನು ಅಲ್ಲಿನ ಭೂ ವ್ಯವಹಾರದ ವಕೀಲರಿಂದ ಸರಿಪಡಿಸಿಕೊಳ್ಳಿ. ಪೊಲೀಸ್ ದೂರು ಬೇಡ ಎನ್ನುವುದಕ್ಕೂ ಇದೇ ಕಾರಣ. ಗಡಿ ಗುರುತನ್ನು ಅಧಿಕಾರವಿಲ್ಲದೆ ಕೀಳುವುದು ಭೂ ನೋಂದಣಿ ಕಾಯ್ದೆಯಂತೆ ಅಪರಾಧ ಹೌದು, ಆದರೆ ನಿಮ್ಮ ಮೇಸ್ತ್ರಿ ಹೊಡೆದ ಗೂಟ, ಕಟ್ಟಿದ ದಾರ ಗಡಿ ಗುರುತಲ್ಲ. ಅವನ್ನು ಕಿತ್ತವರು ಯಾರೆಂದು ನೀವು ಕಂಡಿಲ್ಲ. ಆ ದೂರಿನಿಂದ ಆಕೆಯ ಮಕ್ಕಳು ಊರಿಗೆ ಬಂದು ನಿಲ್ಲುತ್ತಾರೆ, ಠಾಣೆಯವರು ಸಿವಿಲ್ ವ್ಯಾಜ್ಯ ಎಂದು ಕೈತೊಳೆದುಕೊಳ್ಳುವ ಸಂಭವವೇ ಹೆಚ್ಚು, ಮತ್ತು ನಿಮ್ಮ ಗುತ್ತಿಗೆಯ ಕಾಗದವನ್ನು ಎಲ್ಲರ ಮುಂದೆ ಮೊದಲು ತೆರೆಯಬೇಕಾಗುವವರು ನೀವೇ. ನೇರ ನ್ಯಾಯಾಲಯದ ದಾರಿಯಂತೂ ಕಾನೂನಿನಲ್ಲೇ ಮುಚ್ಚಿದೆ: ನಾನು ಮೇಲೆ ಹೇಳಿದ 18ನೇ ಕಲಮೇ, ರಿಜಿಸ್ಟ್ರಾರ್ ಗಡಿ ನಿರ್ಧರಿಸುವ ತನಕ ನ್ಯಾಯಾಲಯ ಗಡಿ ವ್ಯಾಜ್ಯವನ್ನು ವಿಚಾರಣೆಗೆ ತೆಗೆದುಕೊಳ್ಳಬಾರದು ಎನ್ನುತ್ತದೆ. ಇದನ್ನು ತಿಳಿಯದೆ ಪರಿಸರ ಮತ್ತು ಭೂ ನ್ಯಾಯಾಲಯಕ್ಕೆ ಹೋಗಿ, ಶುಲ್ಕವನ್ನೂ ವರ್ಷಗಳನ್ನೂ ಕಳೆದುಕೊಂಡು ವಾಪಸು ಬಂದವರನ್ನು ನಾನು ನೋಡಿದ್ದೇನೆ.

ಕಾಗದ ಸರಿಯಿದ್ದರೆ ಹೀಗೆ ಮಾಡಿ. ಮಾಲೀಕರನ್ನು ಜೊತೆಗೆ ಕರೆದುಕೊಂಡು ಆಕೆಯ ಮನೆಗೆ ನೀವೇ ಹೋಗಿ, ಮೇಸ್ತ್ರಿಯನ್ನು ಕಳಿಸಬೇಡಿ. ಹಳ್ಳಿಯಲ್ಲಿ ಅವರನ್ನು ‘ಮಾಮಾ’, ಅಂದರೆ ತಾಯಿ, ಎಂದು ಮಗ ಅಥವಾ ಮಗಳ ಹೆಸರು ಸೇರಿಸಿ ಕರೆಯುತ್ತಾರೆ. ಆ ಹೆಸರನ್ನು ತಿಳಿದುಕೊಂಡು ಹೋಗಿ. ಕೊಟ್ಟ ಚಹಾ ಕುಡಿಯಿರಿ. ಆ ದಿನ ಗಡಿ ಎಲ್ಲಿ ಎಂದು ವಾದಿಸಬೇಡಿ, ಕೆಲಸ ನಿಲ್ಲಿಸಿದ್ದೇನೆ, ಊರಿನ ‘ವಝೀ’, ಅಂದರೆ ಹಿರಿಯರು, ಬಂದು ನೋಡಲಿ ಎಂದಷ್ಟೇ ಹೇಳಿ. ಅಲ್ಲಿ ನಮ್ಮವರನ್ನೆಲ್ಲ ‘ಮ್ಹಿಂದಿ’ ಎಂದು ಗುರುತಿಸುತ್ತಾರೆ, ಹಣವಂತ, ಗೋಡೆ ಕಟ್ಟಿ ಒಳಗೆ ಕೂರುವವನು ಎಂಬ ಭಾವನೆ ಆ ಪದದ ಜೊತೆಗೇ ಬಂದಿರುತ್ತದೆ. ಒಬ್ಬ ವೃದ್ಧೆಯ ಅಂಗಳಕ್ಕೆ ನಡೆದು ಹೋಗಿ ಕೂತವನ ಬಗ್ಗೆ ಊರು ಬೇರೆ ರೀತಿ ಮಾತಾಡುತ್ತದೆ.

ಹಿರಿಯರ ಸಭೆಯನ್ನು ಕಾನೂನಿಗೆ ಹೊರತಾದದ್ದೆಂದು ಭಾವಿಸಬೇಡಿ. ಸಂವಿಧಾನದ 159ನೇ ವಿಧಿಯೇ ಸಾಂಪ್ರದಾಯಿಕ ವ್ಯಾಜ್ಯ ಪರಿಹಾರವನ್ನು ಪ್ರೋತ್ಸಾಹಿಸಬೇಕೆಂದು ಹೇಳುತ್ತದೆ. ಸಭೆಗೆ ಸ್ಥಳೀಯ ಚೀಫ್ (ಸರ್ಕಾರದ ಸ್ಥಳೀಯ ಆಡಳಿತಾಧಿಕಾರಿ) ಅಥವಾ ಅವರ ಸಹಾಯಕರಿಗೆ ತಿಳಿಸಿ, ಆಚೀಚೆಯ ಎಲ್ಲ ಜಮೀನಿನವರನ್ನೂ ಕರೆಸಿ. ಅವರವರ ಗಡಿಗಳು ತಕರಾರಿಲ್ಲದೆ ನಿಂತಿದ್ದರೆ ನಿಮ್ಮ ಗಡಿಯನ್ನು ಅವುಗಳಿಂದಲೇ ಎಣಿಸಿಕೊಂಡು ಬರಬಹುದು. ಭೂಮಾಪಕರು ಅದೇ ದಿನ ಅಲ್ಲಿರಲಿ, ಅವರ ಶುಲ್ಕವನ್ನು ಇಬ್ಬರೂ ಹಂಚಿಕೊಂಡರೆ ಒಳ್ಳೆಯದು. ಆಕೆಗೆ ಸಾಧ್ಯವಾಗದಿದ್ದರೆ ಅವರು ಒಪ್ಪಿದ ಭೂಮಾಪಕರಿಗೆ ನೀವು ಕೊಡಿ. ನೀವೊಬ್ಬರೇ ನೇಮಿಸಿ ಕರೆತಂದವರ ಅಳತೆ ಎಷ್ಟು ಸರಿಯಿದ್ದರೂ ಆಕೆಯ ಕಣ್ಣಿಗೆ ಅದು ನಿಮ್ಮ ಅಳತೆಯೇ.

ಒಪ್ಪಂದವಾದರೆ ಬರೆದುಕೊಳ್ಳಿ: ಕಂಬಾ ಭಾಷೆಯಲ್ಲಿ ಅಥವಾ ಸ್ವಾಹಿಲಿಯಲ್ಲಿ ಓದಿ ಹೇಳಿ, ಕೈನಕ್ಷೆ ಬರೆದು, ಎರಡೂ ಕಡೆಯವರ ಮತ್ತು ಹಿರಿಯರ ಸಹಿ, ಗುರುತಿನ ಚೀಟಿಯ ಸಂಖ್ಯೆ ಹಾಕಿಸಿ. ಒಂದು ಸೂಕ್ಷ್ಮವಿದೆ. ಗಡಿ ಎಲ್ಲಿದೆ ಎಂದು ಕಂಡುಕೊಳ್ಳುವುದು ಬೇರೆ, ಇದ್ದ ಗಡಿಯನ್ನು ಸರಿಸಿ ಒಂದು ಪಟ್ಟಿಯನ್ನು ಬಿಟ್ಟುಕೊಡುವುದು ಬೇರೆ. ಎರಡನೆಯದು ಜಮೀನಿನ ವರ್ಗಾವಣೆ. ಅದಕ್ಕೆ ಬೋರ್ಡಿನ ಒಪ್ಪಿಗೆ, ನಕ್ಷೆ ತಿದ್ದುವ ‘ಮ್ಯುಟೇಶನ್’ ಎಲ್ಲ ಬೇಕು, ಅದನ್ನು ಮಾಡಬೇಕಾದವರು ಮಾಲೀಕರು. ಆ ಕಾಗದದಲ್ಲಿ ‘ಬಿಟ್ಟುಕೊಟ್ಟೆ’, ‘ಮಾರಿದೆ’ ಎಂಬ ಪದಗಳು ಬರದಂತೆ ನೋಡಿಕೊಳ್ಳಿ. ಆ ಪಟ್ಟಿಯನ್ನು ನಾನೇ ಹಣ ಕೊಟ್ಟು ಕೊಂಡುಬಿಡುತ್ತೇನೆ ಎಂಬ ಯೋಚನೆ ಬಂದಿದ್ದರೆ ಅದನ್ನೂ ಬಿಡಿ, ನೀವು ಕೊಳ್ಳುವಂತಿಲ್ಲ.

ಒಮ್ಮತವಾಗದಿದ್ದರೆ ಭೂ ರಿಜಿಸ್ಟ್ರಾರರಿಗೆ ಅರ್ಜಿ. ಭೂ ನೋಂದಣಿ ಕಾಯ್ದೆಯ 19ನೇ ಕಲಂ ಪ್ರಕಾರ ಹಿತಾಸಕ್ತಿಯುಳ್ಳವರು ಗಡಿ ನಿಗದಿಗೆ ಕೇಳಬಹುದು, ಆದರೂ ಮಾಲೀಕರ ಹೆಸರಿನಲ್ಲೇ ಅರ್ಜಿ ಹೋದರೆ ಅದರ ಬಲ ಹೆಚ್ಚು. ರಿಜಿಸ್ಟ್ರಾರ್ ಪಕ್ಕದವರಿಗೆಲ್ಲ ನೋಟಿಸ್ ಕೊಟ್ಟು, ಸರ್ಕಾರಿ ಭೂಮಾಪಕರೊಂದಿಗೆ ಸ್ಥಳಕ್ಕೆ ಬಂದು, ನಕ್ಷೆಯ ಜೊತೆಗೆ ಬೇಲಿ, ಹಳೆಯ ಗುರುತು, ಹಿರಿಯರ ಹೇಳಿಕೆ ಎಲ್ಲವನ್ನೂ ಸಾಕ್ಷ್ಯವಾಗಿ ತೆಗೆದುಕೊಳ್ಳುತ್ತಾರೆ. ಅಲ್ಲಿ ನಿಗದಿಯಾಗಿ ರಿಜಿಸ್ಟರಿನಲ್ಲಿ ದಾಖಲಾದ ಗಡಿ ಆಮೇಲೆ ಅಂದಾಜಿನದಾಗಿ ಉಳಿಯುವುದಿಲ್ಲ. ಆ ತೀರ್ಮಾನದ ಬಗ್ಗೆ ಅಸಮಾಧಾನವಿದ್ದರೆ ಮಾತ್ರ ಪರಿಸರ ಮತ್ತು ಭೂ ನ್ಯಾಯಾಲಯದ ಬಾಗಿಲು.

ಕೊನೆಯದಾಗಿ, ಈಗಾಗಲೇ ಬಿದ್ದಿರುವ ಹದಿನೈದು ಮೀಟರ್ ಕಾಂಕ್ರೀಟಿನ ವಿಷಯ. ಗೋಡೆ ಇನ್ನೂರು ಮಿಲಿಮೀಟರ್ ದಪ್ಪವಿದ್ದು ಪಾಯ ಆರುನೂರು ಮಿಲಿಮೀಟರ್ ಅಗಲವಿದ್ದರೆ ಪಾಯ ಗೋಡೆಯ ಎರಡೂ ಬದಿಗೆ ಇನ್ನೂರು ಮಿಲಿಮೀಟರ್ ಚಾಚಿರುತ್ತದೆ. ಅಂದರೆ ಗಡಿ ನೀವು ಹೇಳಿದ ಗೆರೆಯಲ್ಲೇ ಇದ್ದು, ಗೋಡೆಯ ಹೊರಮೈಯನ್ನು ಆ ಗೆರೆಗೆ ಸರಿಯಾಗಿ ಕಟ್ಟಿದರೂ ಪಾಯ ನೆಲದಡಿಯಲ್ಲಿ ಆಕೆಯ ಜಾಗಕ್ಕೆ ಹೋಗಿರುತ್ತದೆ. ಅದೂ ಅಲ್ಲದೆ ಇಳಿಜಾರಿಗೆ ಅಡ್ಡಲಾಗಿ ಕಟ್ಟಿದ ಗೋಡೆ ಮಳೆನೀರನ್ನು ತಡೆದು ಒಂದೇ ಕಡೆ ಬಿಡುತ್ತದೆ. ಮಾರ್ಚಿಯಿಂದ ಮೇ ತನಕದ ದೊಡ್ಡ ಮಳೆಯಲ್ಲಿ ಆ ನೀರು ಆಕೆಯ ಜೋಳದ ಹೊಲಕ್ಕೆ ನುಗ್ಗಿದರೆ ಇನ್ನೊಂದು ತಕರಾರು ಸಿದ್ಧ. ನಿಮ್ಮ ಜಾಗ ನಲವತ್ತೈದು ಮೀಟರ್ ಚೌಕವೆಂದು ಇಟ್ಟುಕೊಂಡರೆ ತಕರಾರಿನ ಪಟ್ಟಿ ತೊಂಬತ್ತು ಚದರ ಮೀಟರ್, ಒಟ್ಟು ಜಾಗದ ಇಪ್ಪತ್ತರಲ್ಲಿ ಒಂದು ಪಾಲೂ ಅಲ್ಲ. ಗಡಿ ಯಾರ ಪರವಾಗಿ ನಿಗದಿಯಾದರೂ ಗೋಡೆಯನ್ನು ಅದರಿಂದ ಒಂದು ಮೀಟರ್ ಒಳಗೆ ತೆಗೆದುಕೊಳ್ಳಿ, ಹೊರಗೆ ಉಳಿದ ಪಟ್ಟಿಯಲ್ಲಿ ನೀರಿನ ಕಾಲುವೆಯನ್ನೂ ಒಂದು ಸಾಲು ಬೇಲಿ ಗಿಡವನ್ನೂ ಮಾಡಿ, ಕಾಲುದಾರಿಯ ಕಡೆ ಮೂಲೆಯನ್ನು ಬಿಟ್ಟು ಗೋಡೆ ತಿರುಗಿಸಿ. ಗಡಿ ಆಕೆ ಹೇಳಿದಲ್ಲೇ ನಿಗದಿಯಾದರೆ ಆ ಕಾಂಕ್ರೀಟನ್ನು ನಿಮ್ಮ ಖರ್ಚಿನಲ್ಲಿ ಒಡೆಸಿ ತೆಗೆಸಿ, ಪಾಯ ತೋಡಿದ ಗುಂಡಿಗೆ ಮಣ್ಣು ತುಂಬಿಸಿ ಕೊಡಿ. ಒಡೆದ ಜಲ್ಲಿ ಮನೆಯ ನೆಲಗಟ್ಟಿನ ಕೆಳಗೆ ಹಾಕಲು ಬರುತ್ತದೆ.